ಪುಟ್ಟ ಕ್ಯಾಮೆರಾಕ್ಕೆ ಫೋನಿನ ಅಭ್ಯಾಸ ಸಲ್ಲದು

ಮಾನ್ಯ ಸಂಪಾದಕರಿಗೆ,

ವಂದನೆಗಳು. ಹತ್ತು ಹದಿನೈದು ವರ್ಷಗಳಿಂದ ಕಪಾಟಿನ ಮೂಲೆ ಸೇರಿದ್ದ ಪುಟ್ಟ ಡಿಜಿಟಲ್ ಕ್ಯಾಮೆರಾಗಳನ್ನು ಇಂದಿನ ಹುಡುಗ ಹುಡುಗಿಯರು ಮತ್ತೆ ಹೊರತೆಗೆದು ಬಳಸುತ್ತಿರುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಇತ್ತೀಚೆಗೆ ಪ್ರಕಟವಾದ ಲೇಖನವನ್ನು ಸಂತೋಷದಿಂದ ಓದಿದೆ. ಆ ಚಿತ್ರಗಳ ಬಣ್ಣ, ಫ್ಲ್ಯಾಶಿನ ಬಿಳುಪು, ಒಂದೊಂದೇ ಚಿತ್ರವನ್ನು ಯೋಚಿಸಿ ತೆಗೆಯುವುದರಲ್ಲಿರುವ ಸುಖ, ಇವನ್ನೆಲ್ಲ ಲೇಖಕರು ಚೆನ್ನಾಗಿ ಬಣ್ಣಿಸಿದ್ದಾರೆ. ಆದರೆ ಅಂಥ ಕ್ಯಾಮೆರಾವನ್ನು ಹೇಗೆ ಹಿಡಿಯಬೇಕು, ಎಲ್ಲಿ ಇಡಬೇಕು, ಯಾವುದರಿಂದ ಕಾಪಾಡಬೇಕು ಎಂಬ ಬಗ್ಗೆ ಅದರಲ್ಲಿ ಇದ್ದದ್ದು ಕೊನೆಯ ಎರಡು ಸಾಲು ಮಾತ್ರ. ಅದರಲ್ಲೂ ಒಂದು ಸಾಲು, ನೆನೆದ ಕ್ಯಾಮೆರಾವನ್ನು ಅಕ್ಕಿಯಲ್ಲಿ ಹೂತಿಡಿ ಎನ್ನುವ ಸಲಹೆ, ಸರಿಯಲ್ಲ. ಹದಿನೇಳು ವರ್ಷಗಳಿಂದ ಇಂಥ ಕ್ಯಾಮೆರಾಗಳನ್ನು ಬಳಸುತ್ತ ಬಂದವನಾಗಿ, ಅವುಗಳಲ್ಲಿ ಒಂದನ್ನು ನನ್ನ ಕೈಯಾರೆ ಕೆಡಿಸಿಕೊಂಡವನಾಗಿ, ಲೇಖನದಲ್ಲಿ ಬಿಟ್ಟುಹೋದದ್ದನ್ನು ನಿಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದ್ದರೆ ಕ್ಷಮೆಯಿರಲಿ.

ನಾನು ಹೇಳಬೇಕೆಂದಿರುವುದು ಇಷ್ಟು: ಈ ಕ್ಯಾಮೆರಾಗಳು ವಯಸ್ಸಾಗಿ ಕೆಡುವುದಕ್ಕಿಂತ ಹೆಚ್ಚಾಗಿ, ಫೋನನ್ನು ಬಳಸಿ ರೂಢಿಯಾದ ಕೈ ಅದೇ ರೂಢಿಯಲ್ಲಿ ಇವನ್ನೂ ಬಳಸುವುದರಿಂದ ಕೆಡುತ್ತವೆ. 2010ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ತಯಾರಕರಿಂದ ಹೊರಬಂದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. ಅವುಗಳಲ್ಲಿ ಬಹುಪಾಲು ಲೆನ್ಸ್ ಕಳಚಲು ಬಾರದ, ಜೇಬಿನಲ್ಲಿ ಹಿಡಿಸುವ ಪುಟ್ಟ ಕ್ಯಾಮೆರಾಗಳೇ ಆಗಿದ್ದವು. ಆಮೇಲೆ ಆ ಜಾಗಕ್ಕೆ ಫೋನು ಬಂತು. ಈಗ ಆ ಹಳೆಯ ಕ್ಯಾಮೆರಾಗಳನ್ನು ಕೈಗೆತ್ತಿಕೊಳ್ಳುತ್ತಿರುವವರು ಫೋನಿನಲ್ಲೇ ಚಿತ್ರ ತೆಗೆಯಲು ಕಲಿತವರು. ಬಹುತೇಕ ಫೋನುಗಳ ಹೊರಮೈಯಲ್ಲಿ ಗುಂಡಿಗಳನ್ನು ಬಿಟ್ಟರೆ ಅಲ್ಲಾಡುವ ಭಾಗವೇ ಇರುವುದಿಲ್ಲ. ಜೇಬಿನ ದೂಳು, ಬೆವರು, ಕೀಲಿಕೈಗಳ ಸಹವಾಸ ಎಲ್ಲವನ್ನೂ ಅದು ತಾಳಿಕೊಳ್ಳುತ್ತದೆ. ಪುಟ್ಟ ಕ್ಯಾಮೆರಾ ಹಾಗಲ್ಲ. ಗುಂಡಿ ಒತ್ತಿದೊಡನೆ ಒಂದರೊಳಗೊಂದು ಮಡಚಿಕೊಂಡಿದ್ದ ಎರಡು ಮೂರು ಕೊಳವೆಗಳು ಮುಂದಕ್ಕೆ ಚಾಚಿಕೊಳ್ಳುತ್ತವೆ, ಲೆನ್ಸಿನ ಎದುರಿನ ತೆಳು ರೆಪ್ಪೆಗಳು ಪಕ್ಕಕ್ಕೆ ಸರಿಯುತ್ತವೆ, ಒಳಗಿನ ಗಾಜುಗಳು ತಂತಮ್ಮ ಜಾಗಕ್ಕೆ ಬಂದು ನಿಲ್ಲುತ್ತವೆ. ಇದನ್ನೆಲ್ಲ ಮಾಡುವುದು ಹೆಬ್ಬೆರಳ ಉಗುರಿಗಿಂತ ಚಿಕ್ಕದಾದ ಮೋಟಾರು ಮತ್ತು ಕೆಲವು ಪ್ಲಾಸ್ಟಿಕ್ ಹಲ್ಲುಚಕ್ರಗಳು. ಅಂದರೆ ಇದು ಮೊದಲು ಒಂದು ಯಂತ್ರ, ಆಮೇಲೆ ಎಲೆಕ್ಟ್ರಾನಿಕ್ ವಸ್ತು.

ನನ್ನ ಮೊದಲ ಕ್ಯಾಮೆರಾವನ್ನು ನಾನು ಕಳೆದುಕೊಂಡದ್ದು ಒಂದೇ ಒಂದು ಮರಳಿನ ಕಣದಿಂದ. ಸಮುದ್ರದ ದಂಡೆಯಲ್ಲಿ ಮಧ್ಯಾಹ್ನವೆಲ್ಲ ಚಿತ್ರ ತೆಗೆದು, ಕವಚವಿಲ್ಲದ ಕ್ಯಾಮೆರಾವನ್ನು ಒದ್ದೆ ಟವೆಲ್ಲಿನ ಪಕ್ಕದಲ್ಲಿ ಚೀಲಕ್ಕೆ ಹಾಕಿದ್ದೆ. ಸಂಜೆ ಅದನ್ನು ತೆಗೆದು ಗುಂಡಿ ಒತ್ತಿದಾಗ ಕೊಳವೆ ಅರ್ಧದವರೆಗೆ ಬಂದು, ಹಲ್ಲು ಕಡಿದಂಥ ಸದ್ದು ಮಾಡಿ ನಿಂತುಬಿಟ್ಟಿತು. ಪರದೆಯ ಮೇಲೆ ಲೆನ್ಸ್ ದೋಷ ಎಂಬ ಸೂಚನೆ ಮೂಡಿತು. ಅಷ್ಟಕ್ಕೇ ಬಿಟ್ಟಿದ್ದರೆ ಬಹುಶಃ ಅದು ಉಳಿಯುತ್ತಿತ್ತು. ನಾನು ಮತ್ತೆ ಮತ್ತೆ ಗುಂಡಿ ಒತ್ತಿದೆ. ಅದೂ ಸಾಲದೆಂದು ಕೊಳವೆಯನ್ನು ಎರಡು ಬೆರಳಲ್ಲಿ ಹಿಡಿದು ಹೊರಕ್ಕೆಳೆದೆ. ಟಿಕ್ ಎಂದಿತು. ರಿಪೇರಿ ಮಾಡುವವರು ಅದನ್ನು ಬಿಚ್ಚಿ ಬಿಳಿಯ ಕಾಗದದ ಮೇಲೆ ಎರಡು ವಸ್ತುಗಳನ್ನಿಟ್ಟು, ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಒಂದು, ಸಾಸಿವೆಗಿಂತ ಚಿಕ್ಕದಾದ ಮರಳಿನ ಕಣ. ಇನ್ನೊಂದು, ಒಂದು ಹಲ್ಲು ಮುರಿದ ಬಿಳಿ ಹಲ್ಲುಚಕ್ರ. ಮರಳು ಚಕ್ರವನ್ನು ನಿಲ್ಲಿಸಿತ್ತಷ್ಟೇ, ಹಲ್ಲನ್ನು ಮುರಿದದ್ದು ನನ್ನ ಬೆರಳು ಎಂದು ಅವರು ಸಮಾಧಾನವಾಗಿಯೇ ಹೇಳಿದರು. ಆ ಚಕ್ರ ಬಿಡಿಯಾಗಿ ಸಿಗುತ್ತಿರಲಿಲ್ಲ. ಇಡೀ ಲೆನ್ಸ್ ಭಾಗವನ್ನೇ ಬದಲಿಸಬೇಕಿತ್ತು.

ಅಂದಿನಿಂದ ನಾನು ಪಾಲಿಸಿಕೊಂಡು ಬಂದದ್ದು ಬಹಳ ಸರಳ. ಕ್ಯಾಮೆರಾಕ್ಕೆ ಅದರ ಅಳತೆಯ, ಒಳಮೈ ನುಣುಪಾಗಿರುವ, ಮುಚ್ಚಳವಿರುವ ಒಂದು ಚಿಕ್ಕ ಕವಚ ಬೇಕೇಬೇಕು. ಆ ಕವಚವನ್ನು ತಿಂಗಳಿಗೊಮ್ಮೆ ಒಳಮೈ ಹೊರಗೆ ಮಾಡಿ ಕೊಡವಬೇಕು, ಏಕೆಂದರೆ ಕಾಪಾಡಬೇಕಾದ ಚೀಲವೇ ದೂಳಿನ ಗೂಡಾಗುವುದುಂಟು. ಕವಚವಿಲ್ಲದೆ ಪ್ಯಾಂಟಿನ ಜೇಬಿನಲ್ಲಿಟ್ಟರೆ ಬಟ್ಟೆಯ ಸಣ್ಣ ಎಳೆಗಳು ಲೆನ್ಸಿನ ರೆಪ್ಪೆಗಳ ಸಂದಿಗೆ ಸೇರುತ್ತವೆ. ರೆಪ್ಪೆ ಪೂರ್ತಿ ತೆರೆಯದೆ ಚಿತ್ರದ ಒಂದು ಮೂಲೆ ಕಪ್ಪಾಗಲು ಇದೇ ಸಾಮಾನ್ಯ ಕಾರಣ. ಇನ್ನೊಂದು ಅಪಾಯ ಚೀಲದೊಳಗೇ ಗುಂಡಿ ಒತ್ತಿಹೋಗುವುದು. ಆಗ ಕೊಳವೆ ಹೊರಬರಲು ಹವಣಿಸುತ್ತದೆ, ಬಟ್ಟೆಯೋ ಪುಸ್ತಕವೋ ಅಡ್ಡ ಬರುತ್ತದೆ, ಮೋಟಾರು ತಿಣುಕುತ್ತದೆ. ಆದ್ದರಿಂದ ಕವಚಕ್ಕೆ ಹಾಕುವಾಗ ಗುಂಡಿಯಿರುವ ಕಡೆ ಮೇಲೆ ಬರುವಂತೆ, ಅದರ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಬೇಕು. ಕೊಳವೆ ಚಾಚಿಕೊಂಡಿರುವಾಗ ಕ್ಯಾಮೆರಾವನ್ನು ಮೇಜಿನ ಮೇಲೆ ಮುಖ ಅಡಿಯಾಗಿ ಇಡಬಾರದು, ಕೊಳವೆಯನ್ನೇ ಹಿಡಿದು ಎತ್ತಬಾರದು. ಮಣಿಕಟ್ಟಿಗೆ ಹಾಕಿಕೊಳ್ಳುವ ದಾರವನ್ನು ಅನೇಕರು ಪೆಟ್ಟಿಗೆಯಲ್ಲೇ ಬಿಟ್ಟುಬಿಡುತ್ತಾರೆ. ಕೈಜಾರಿ ಬಿದ್ದ ಕ್ಯಾಮೆರಾಗಳ ಕಥೆಯೆಲ್ಲ ಆ ದಾರವಿಲ್ಲದ್ದರಿಂದಲೇ ಶುರುವಾಗುವುದನ್ನು ನಾನು ಕಂಡಿದ್ದೇನೆ.

ಕೊಳವೆ ಸಿಕ್ಕಿಕೊಂಡೇಬಿಟ್ಟರೆ ಏನು ಮಾಡುವುದು? ಮೊದಲು ಬ್ಯಾಟರಿಯನ್ನು ಹೊರತೆಗೆದು ಕೆಲವು ನಿಮಿಷ ಬಿಟ್ಟು, ಚೆನ್ನಾಗಿ ಚಾರ್ಜ್ ಮಾಡಿದ ಬ್ಯಾಟರಿಯನ್ನು ಹಾಕಿ ನೋಡಬೇಕು, ಏಕೆಂದರೆ ಬಲ ಕುಂದಿದ ಬ್ಯಾಟರಿಯಿಂದಲೂ ಕೊಳವೆ ಅರ್ಧಕ್ಕೆ ನಿಲ್ಲುತ್ತದೆ. ಆಗಲೂ ಸರಿಹೋಗದಿದ್ದರೆ ಲೆನ್ಸನ್ನು ನೆಲದ ಕಡೆಗೆ ತಿರುಗಿಸಿ ಹಿಡಿದು, ಕೊಳವೆಗಳ ಸಂದಿಗೆ ರಬ್ಬರಿನ ಬ್ಲೋವರಿನಿಂದ ಗಾಳಿ ಒತ್ತಿ, ಒಂದೇ ಒಂದು ಸಲ ಗುಂಡಿ ಒತ್ತಬಹುದು. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಮುಂದಿನದು ಬಲ್ಲವರ ಕೈಗೆ. ವಿಡಿಯೊ ನೋಡಿಕೊಂಡು ಮನೆಯಲ್ಲೇ ಸ್ಕ್ರೂ ಬಿಚ್ಚುವವರಿಗೆ ನಾನು ಕಳಕಳಿಯಿಂದ ಒಂದು ಎಚ್ಚರಿಕೆ ಹೇಳಬೇಕು. ಫ್ಲ್ಯಾಶ್ ಬೆಳಗಲು ಬೇಕಾದ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಒಂದು ಈ ಕ್ಯಾಮೆರಾಗಳ ಒಳಗಿದೆ. ಅದರಲ್ಲಿ ಸುಮಾರು 300 ವೋಲ್ಟ್‌ವರೆಗೆ ಒತ್ತಡವಿರುತ್ತದೆ, ಮತ್ತು ಬ್ಯಾಟರಿ ತೆಗೆದ ಮಾತ್ರಕ್ಕೆ ಅದು ಖಾಲಿಯಾಗುವುದಿಲ್ಲ. ಅಂಗೈಯಷ್ಟೇ ಇರುವ ವಸ್ತು ತಾನೇ ಎಂದು ಬೆರಳು ಹಾಕಿದವರಿಗೆ ಬಲವಾದ ಷಾಕ್ ಹೊಡೆದ ನಿದರ್ಶನಗಳಿವೆ.

ಲೆನ್ಸ್ ಒರೆಸುವ ವಿಷಯದಲ್ಲೂ ಫೋನಿನ ಅಭ್ಯಾಸವೇ ಅಡ್ಡ ಬರುತ್ತದೆ. ಫೋನಿನ ಲೆನ್ಸಿನ ಮೇಲಿರುವ ಗಡುಸು ಗಾಜನ್ನು ಅಂಗಿಯ ಚುಂಗಿನಿಂದ ಉಜ್ಜಿ ಉಜ್ಜಿ ಅಭ್ಯಾಸವಾದವರು ಕ್ಯಾಮೆರಾವನ್ನೂ ಹಾಗೇ ಉಜ್ಜುತ್ತಾರೆ. ಕ್ಯಾಮೆರಾದ ಲೆನ್ಸಿನ ಮೇಲೆ ಬೆಳಕು ಪ್ರತಿಫಲಿಸದಂತೆ ಮಾಡುವ ಅತಿ ತೆಳುವಾದ ಲೇಪನವಿರುತ್ತದೆ. ಬಗ್ಗಿಸಿ ನೋಡಿದರೆ ಊದಾ ಅಥವಾ ಹಸಿರು ಛಾಯೆಯಾಗಿ ಕಾಣುವುದು ಅದೇ. ದೂಳಿನ ಕಣದ ಮೇಲೆ ಬಟ್ಟೆ ಒತ್ತಿ ತಿರುಗಿಸಿದರೆ ಆ ಲೇಪನವನ್ನು ಮರಳುಕಾಗದದಿಂದ ತಿಕ್ಕಿದಂತೆಯೇ. ಮೊದಲು ಗಾಳಿ, ಆಮೇಲೆ ಮೆದು ಕೂದಲಿನ ಕುಂಚ, ಇವೆರಡರಿಂದಲೂ ಹೋಗದ ಬೆರಳಚ್ಚು ಅಥವಾ ಜಿಡ್ಡು ಇದ್ದರೆ ಮಾತ್ರ ಮೈಕ್ರೋಫೈಬರ್ ಬಟ್ಟೆ, ಈ ಅನುಕ್ರಮವನ್ನು ತಪ್ಪಿಸಬಾರದು. ಒರೆಸುವ ದ್ರವವನ್ನು ಬಟ್ಟೆಗೆ ಒಂದು ಹನಿ ಹಾಕಿಕೊಳ್ಳಬೇಕೇ ಹೊರತು ಲೆನ್ಸಿನ ಮೇಲೆ ನೇರವಾಗಿ ಸುರಿಯಬಾರದು. ಸುರಿದರೆ ಅದು ಅಂಚಿನಿಂದ ಒಳಕ್ಕಿಳಿಯುತ್ತದೆ. ಡಬ್ಬಿಯಲ್ಲಿ ಒತ್ತಿ ತುಂಬಿದ ಗಾಳಿಯೂ ಬೇಡ, ಡಬ್ಬಿ ಸ್ವಲ್ಪ ಓರೆಯಾದರೂ ಅದರಿಂದ ಕೊರೆಯುವ ದ್ರವ ಚಿಮ್ಮುತ್ತದೆ. ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅಭಿಪ್ರಾಯವೆಂದರೆ, ಲೆನ್ಸನ್ನು ಒರೆಸದೆ ಕೆಡಿಸಿದವರಿಗಿಂತ ಅತಿಯಾಗಿ ಒರೆಸಿ ಕೆಡಿಸಿದವರೇ ಹೆಚ್ಚು. ಮುಂದಿನ ಗಾಜಿನ ಮೇಲಿನ ಒಂದೆರಡು ದೂಳಿನ ಕಣ ಚಿತ್ರದಲ್ಲಿ ಕಾಣುವುದೇ ಇಲ್ಲ. ಕಾಣುವುದು ಒಳಗೆ ಸೆನ್ಸರಿನ, ಅಂದರೆ ಬೆಳಕನ್ನು ಚಿತ್ರವಾಗಿಸುವ ಪುಟ್ಟ ಫಲಕದ ಮೇಲೆ ಕುಳಿತ ದೂಳು. ಕೊಳವೆ ಹೊರಬಂದಾಗಲೆಲ್ಲ ತಿದಿಯಂತೆ ಗಾಳಿಯನ್ನು ಒಳಗೆಳೆಯುತ್ತದೆ, ಗಾಳಿಯೊಂದಿಗೆ ದೂಳೂ ಹೋಗುತ್ತದೆ. ಬಿಳಿ ಗೋಡೆಯನ್ನು ಜೂಮ್ ಮಾಡಿ ಚಿತ್ರ ತೆಗೆದಾಗ ಪ್ರತಿ ಸಲವೂ ಒಂದೇ ಜಾಗದಲ್ಲಿ ಬೂದು ಕಲೆ ಕಂಡರೆ ಅದು ಒಳಗಿನ ದೂಳು. ಅದನ್ನು ನಾವು ಒರೆಸಲಾರೆವು.

ಇನ್ನು ನೀರು. ಅಕ್ಕಿಯ ಸಲಹೆ ಏಕೆ ಸರಿಯಲ್ಲವೆಂದರೆ, ಮೊದಲನೆಯದಾಗಿ ಮುಚ್ಚಿದ ಕ್ಯಾಮೆರಾದ ಒಳಗಿನ ನೀರನ್ನು ಅಕ್ಕಿ ಹೊರಗೆಳೆಯಲಾರದು. ಎರಡನೆಯದಾಗಿ ಅಕ್ಕಿಯ ಹಿಟ್ಟು, ನುಚ್ಚು ಇವೇ ಕೊಳವೆಯ ಸಂದಿಗೆ ಹೋಗಿ ನನ್ನ ಮರಳಿನ ಕಣ ಮಾಡಿದ ಕೆಲಸವನ್ನೇ ಮಾಡುತ್ತವೆ. ಕ್ಯಾಮೆರಾ ನೆನೆದರೆ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿ ಮತ್ತು ಮೆಮೊರಿ ಕಾರ್ಡನ್ನು ತಕ್ಷಣ ಹೊರತೆಗೆಯುವುದು. ಕೆಲಸ ಮಾಡುತ್ತದೆಯೇ ನೋಡೋಣ ಎಂದು ಗುಂಡಿ ಒತ್ತುವ ಆತುರವೇ ಎಷ್ಟೋ ಕ್ಯಾಮೆರಾಗಳನ್ನು ಕೊಂದಿದೆ. ನೀರಿಗಿಂತ ನೀರಿನಲ್ಲಿ ಹರಿದ ವಿದ್ಯುತ್ತು ಹೆಚ್ಚು ಹಾನಿ ಮಾಡುತ್ತದೆ. ಹೊರಮೈಯನ್ನು ಒರೆಸಿ, ಬಾಗಿಲುಗಳನ್ನು ತೆರೆದಿಟ್ಟು, ಗಾಳಿಯಾಡುವ ನೆರಳಿನಲ್ಲಿ ಫ್ಯಾನಿನ ಕೆಳಗೆ ಎರಡು ಮೂರು ದಿನ ಬಿಡಬೇಕು. ಕೂದಲು ಒಣಗಿಸುವ ಬಿಸಿಗಾಳಿ ಬೇಡ. ಬಿದ್ದದ್ದು ಉಪ್ಪುನೀರಿಗಾದರೆ ಒಣಗಿಸುತ್ತ ಕೂರದೆ ಬ್ಯಾಟರಿ ತೆಗೆದು ನೇರವಾಗಿ ರಿಪೇರಿಯವರಲ್ಲಿಗೆ ಒಯ್ಯುವುದೇ ಲೇಸು, ಏಕೆಂದರೆ ಉಪ್ಪು ಒಳಗಿನ ಲೋಹವನ್ನು ಗಂಟೆಗಳ ಲೆಕ್ಕದಲ್ಲಿ ತಿನ್ನತೊಡಗುತ್ತದೆ. ನೀರು ಹೋಗದಂತೆ ಮಾಡಿದ ಕ್ಯಾಮೆರಾಗಳ ಬಾಗಿಲಿನ ರಬ್ಬರ್ ಅಂಚಿನಲ್ಲಿ ಒಂದು ಕೂದಲೆಳೆ ಸಿಕ್ಕಿಕೊಂಡರೂ ಅವು ಉಳಿದ ಕ್ಯಾಮೆರಾಗಳಂತೆಯೇ ಎಂಬುದನ್ನೂ ಮರೆಯಬಾರದು.

ಕಣ್ಣಿಗೆ ಕಾಣದ ತೇವ ಇನ್ನೂ ಕಪಟಿ. ತಣ್ಣನೆಯ ಕೋಣೆಯಿಂದ ಬೆಚ್ಚನೆಯ ತೇವದ ಗಾಳಿಗೆ ಕ್ಯಾಮೆರಾವನ್ನು ಒಮ್ಮೆಲೇ ತಂದರೆ ಕನ್ನಡಕದಂತೆ ಲೆನ್ಸೂ ಮಂಜಾಗುತ್ತದೆ. ಆದರೆ ಕನ್ನಡಕವನ್ನು ಒರೆಸಬಹುದು, ಒಳಗಿನ ಗಾಜಿನ ಮೇಲೆ ಕಟ್ಟಿದ ಹನಿಯನ್ನು ಒರೆಸಲಾಗದು. ಹೊರಡುವ ಮೊದಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಬಿಗಿದು, ಹೊರಗಿನ ಬಿಸಿಗೆ ಅದು ಹೊಂದಿಕೊಳ್ಳುವವರೆಗೆ ಅರ್ಧ ಮುಕ್ಕಾಲು ಗಂಟೆ ಕಾದರೆ ಹನಿಯೆಲ್ಲ ಚೀಲದ ಹೊರಮೈಯಲ್ಲೇ ಕಟ್ಟುತ್ತದೆ. ದೀರ್ಘಕಾಲ ಇಡುವಾಗಿನ ಶತ್ರು ಬೂಷ್ಟು. ಗಾಳಿಯ ಆರ್ದ್ರತೆ ಶೇ 60 ದಾಟಿದ, ಕತ್ತಲಾದ, ಗಾಳಿಯಾಡದ ಕಪಾಟು ಅದಕ್ಕೆ ಹೇಳಿ ಮಾಡಿಸಿದ ಜಾಗ; ಜೇಡರ ಬಲೆಯಂತೆ ಗಾಜಿನ ಮೇಲೆ ಹಬ್ಬಿದ ಬೂಷ್ಟು ತನ್ನ ಆಮ್ಲದಿಂದ ಲೇಪನವನ್ನೂ ಕೊನೆಗೆ ಗಾಜನ್ನೂ ಕೊರೆಯುತ್ತದೆ. ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಆರ್ದ್ರತೆಯನ್ನು ಶೇ 40ರಿಂದ 50ರ ಆಸುಪಾಸಿನಲ್ಲಿಟ್ಟರೆ ಸಾಕು. ಬಣ್ಣ ಬದಲಿಸುವ ಜೆಲ್ ತೇವ ಹೀರಿ ತುಂಬಿಕೊಂಡದ್ದನ್ನು ತಾನೇ ತೋರಿಸುತ್ತದೆ. ಆಗ ಅದನ್ನು ಹೊಸದಾಗಿ ಬದಲಿಸುವುದನ್ನು ಮರೆತರೆ ಡಬ್ಬಿಯೊಳಗೆ ತೇವವನ್ನೇ ಕಾಪಿಟ್ಟಂತಾಗುತ್ತದೆ. ಆದರೆ ಎಲ್ಲಕ್ಕಿಂತ ಒಳ್ಳೆಯ ಮದ್ದು, ಹದಿನೈದು ದಿನಕ್ಕೊಮ್ಮೆಯಾದರೂ ಕ್ಯಾಮೆರಾವನ್ನು ಬೆಳಕಿಗೆ ತಂದು ನಾಲ್ಕು ಚಿತ್ರ ತೆಗೆಯುವುದು.

ಕಪಾಟಿನಿಂದ ಹೊರಬಂದ ಹಳೆಯ ಕ್ಯಾಮೆರಾದಲ್ಲಿ ಮೊದಲು ನೋಡಬೇಕಾದದ್ದು ಬ್ಯಾಟರಿಯ ಬಾಗಿಲು. ಲಿಥಿಯಂ ಅಯಾನ್ ಬ್ಯಾಟರಿಯಾಗಿದ್ದರೆ ಅದನ್ನು ಚಪ್ಪಟೆಯ ಮೇಜಿನ ಮೇಲಿಟ್ಟು ಬೆರಳಿಂದ ತಿರುಗಿಸಿ ನೋಡಿ. ಬುಗುರಿಯಂತೆ ತಿರುಗಿದರೆ ಅದರ ಹೊಟ್ಟೆ ಉಬ್ಬಿದೆ ಎಂದರ್ಥ. ಅದನ್ನು ಚಾರ್ಜ್ ಮಾಡುವುದಾಗಲಿ, ಒತ್ತಿ ಸಮ ಮಾಡಲು ಹೋಗುವುದಾಗಲಿ, ಮನೆಯ ಕಸಕ್ಕೆ ಎಸೆಯುವುದಾಗಲಿ ಕೂಡದು, ಚುಚ್ಚಿದರೆ ಹೊತ್ತಿಕೊಳ್ಳುತ್ತದೆ. ಸಾಮಾನ್ಯ ಎಎ ಸೆಲ್‌ಗಳನ್ನು ಬಳಸುವ ಕ್ಯಾಮೆರಾ ಆಗಿದ್ದರೆ ಆಲ್ಕಲೈನ್ ಸೆಲ್ ಸೋರಿ ಬಿಳಿಯ ಪುಡಿ ಕಟ್ಟಿರುವುದು ಸಾಮಾನ್ಯ. ಹತ್ತಿಯ ಕಡ್ಡಿಗೆ ತುಸುವೇ ವಿನೆಗರ್ ಮುಟ್ಟಿಸಿ ಆ ಕ್ಷಾರವನ್ನು ತೆಗೆದು ಒಣಗಿಸಿದರೆ ಎಷ್ಟೋ ಸಲ ಸಂಪರ್ಕ ಮತ್ತೆ ಕೂಡುತ್ತದೆ. ಮುಂದೆ ಹೀಗಾಗದಿರಲು, ತಿಂಗಳುಗಟ್ಟಲೆ ಬಳಸದಿದ್ದಾಗ ಬ್ಯಾಟರಿಯನ್ನು ಹೊರಗಿಡಬೇಕು. ಅದನ್ನು ಪೂರ್ತಿ ಚಾರ್ಜ್ ಮಾಡಿ ಇಡಬೇಕೆಂಬುದು ತಪ್ಪು ತಿಳಿವಳಿಕೆ, ಪೂರ್ತಿ ಖಾಲಿ ಮಾಡಿ ಇಡಬೇಕೆಂಬುದು ಅದಕ್ಕಿಂತ ದೊಡ್ಡ ತಪ್ಪು. ಸುಮಾರು ಅರ್ಧ ಚಾರ್ಜಿನಲ್ಲಿ, ತಂಪಾದ ಒಣ ಜಾಗದಲ್ಲಿ ಇಟ್ಟ ಲಿಥಿಯಂ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ. ಬಿಸಿಲಿಗೆ ನಿಂತ ಕಾರಿನೊಳಗೆ ಪೂರ್ತಿ ತುಂಬಿದ ಬ್ಯಾಟರಿ ಬೇಗ ಮುಪ್ಪಾಗುತ್ತದೆ.

ಕಾಪಾಡುವ ಮಾತು ಇಷ್ಟಾಯಿತು. ಕಾಪಾಡಿದ್ದನ್ನು ಬಳಸುವುದರಲ್ಲೂ ಅದೇ ಫೋನಿನ ರೂಢಿ ಅಡ್ಡ ಬರುವುದನ್ನು ನಾನು ನಮ್ಮ ಮನೆಯಲ್ಲೇ ಕಂಡೆ. ನನ್ನ ಅಣ್ಣನ ಮಗಳು ನನ್ನ ಹಳೆಯ ಕ್ಯಾಮೆರಾವನ್ನು ಆಸೆಪಟ್ಟು ತೆಗೆದುಕೊಂಡು ಹೋಗಿ ಒಂದೇ ವಾರದಲ್ಲಿ ಹಿಂದಿರುಗಿಸಲು ಬಂದಳು. “ಚಿಕ್ಕಪ್ಪ, ಇದು ತುಂಬ ನಿಧಾನ. ನಾನು ಒತ್ತಿದಾಗ ತೆಗೆಯೋದೇ ಇಲ್ಲ, ತೆಗೆದಿದ್ದೂ ಅಲ್ಲಾಡಿರುತ್ತೆ” ಎಂದಳು. ಅವಳು ಹಿಡಿಯುವುದನ್ನು ನೋಡಿದೆ: ತೋಳು ಚಾಚಿ, ಒಂದೇ ಕೈಯಲ್ಲಿ ಹಿಡಿದು, ಗುಂಡಿಯನ್ನು ಒಮ್ಮೆಲೇ ಕುಟ್ಟುತ್ತಿದ್ದಳು. ಫೋನಿನ ಪರದೆಯನ್ನು ತಟ್ಟುವಂತೆ. ಪುಟ್ಟ ಕ್ಯಾಮೆರಾದ ಶಟರ್ ಗುಂಡಿಗೆ ಎರಡು ಮೆಟ್ಟಿಲಿವೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವಳ ತೋರುಬೆರಳ ಮೇಲೆ ನನ್ನ ಬೆರಳಿಟ್ಟು ಮೆಲ್ಲನೆ ಒತ್ತಿದೆ. ಅರ್ಧಕ್ಕೆ ಒಂದು ಸಣ್ಣ ತಡೆ ಸಿಗುತ್ತದೆ. ಅಲ್ಲಿ ನಿಂತರೆ ಕ್ಯಾಮೆರಾ ದೂರವನ್ನೂ ಬೆಳಕನ್ನೂ ಅಳೆದು, ಪರದೆಯಲ್ಲಿ ಹಸಿರು ಚೌಕ ತೋರಿಸಿ, ಆ ಅಳತೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಬೆರಳನ್ನು ಎತ್ತದೆ, ಬೇಕಾದ ಕ್ಷಣಕ್ಕೆ ಕಾದು, ಉಳಿದರ್ಧವನ್ನು ಇಳಿಸಿದರೆ ಚಿತ್ರ ತಡವಿಲ್ಲದೆ ದಾಖಲಾಗುತ್ತದೆ. ನಿಧಾನವಾಗುವುದು ಅಳೆಯುವ ಕೆಲಸ. ಅದನ್ನು ಮುಂಚಿತವಾಗಿ ಮಾಡಿಸಿಕೊಂಡರೆ ಓಡುವ ಮಗುವನ್ನೂ ಹಿಡಿಯಬಹುದು. ಮಗು ಹಾದುಹೋಗಲಿರುವ ಜಾಗಕ್ಕೆ, ಅಷ್ಟೇ ದೂರದಲ್ಲಿರುವ ಒಂದು ಕಂಬಕ್ಕೋ ಗಿಡಕ್ಕೋ ಅರ್ಧ ಒತ್ತಿ ಫೋಕಸ್ ಹಿಡಿದು, ಮಗು ಬಂದಾಗ ಪೂರ್ತಿ ಒತ್ತಿದರಾಯಿತು. ಅವಳು ಆ ದಿನ ಕ್ಯಾಮೆರಾವನ್ನು ಹಿಂದಿರುಗಿಸಲಿಲ್ಲ.

ಚಿತ್ರ ಅಲ್ಲಾಡುವುದಕ್ಕೆ ಕಾರಣ ಇನ್ನೂ ಆಳದಲ್ಲಿದೆ. ಮಂದ ಬೆಳಕಿನಲ್ಲಿ ಇಂದಿನ ಫೋನುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಚಿತ್ರಗಳನ್ನು ಹಿಡಿದು, ಒಂದರ ಮೇಲೊಂದು ಹೊಂದಿಸಿ, ಕೈನಡುಕವನ್ನೂ ಕಾಳುಕಾಳಾದ ಗೊಂದಲವನ್ನೂ ಅಳಿಸಿ ಕೊಡುತ್ತವೆ. ಹಳೆಯ ಪುಟ್ಟ ಕ್ಯಾಮೆರಾ ಸಾಮಾನ್ಯವಾಗಿ ಒಂದೇ ಚಿತ್ರ ತೆಗೆಯುತ್ತದೆ. ಆ ಒಂದರಲ್ಲಿ ಕೈ ನಡುಗಿದರೆ ನಡುಗಿತು. ಅದರ ಸೆನ್ಸರಾದರೂ ಎಷ್ಟು ದೊಡ್ಡದು? 1/2.3 ಇಂಚು ಎಂದು ಕರೆಯುವ ಸಾಮಾನ್ಯ ಸೆನ್ಸರಿನ ಅಗಲ ಸುಮಾರು 6.2 ಮಿಲಿಮೀಟರ್, ಎತ್ತರ ಸುಮಾರು 4.6 ಮಿಲಿಮೀಟರ್. ಒಂದು ಇಂಚು ಎಂದು ಕರೆಸಿಕೊಳ್ಳುವುದೂ 13.2ಕ್ಕೆ 8.8 ಮಿಲಿಮೀಟರ್ ಅಷ್ಟೇ. ಆ ಹೆಸರು ಹಳೆಯ ವಿಡಿಯೊ ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರವ್ಯಾಸದಿಂದ ಬಂದದ್ದು, ಸೆನ್ಸರಿನ ಅಳತೆಯಿಂದಲ್ಲ. 36ಕ್ಕೆ 24 ಮಿಲಿಮೀಟರಿನ ದೊಡ್ಡ ಸೆನ್ಸರಿನ ಜೊತೆ ಹೋಲಿಸಿದರೆ ಪುಟ್ಟ ಸೆನ್ಸರಿಗೆ ಬೆಳಕು ಬೀಳುವ ಜಾಗ ಮೂವತ್ತರಲ್ಲಿ ಒಂದು ಪಾಲು ಮಾತ್ರ. ಹಾಗಾಗಿ ಬೆಳಕು ಇದ್ದಲ್ಲಿ ಇದು ಅರಳುತ್ತದೆ, ಇಲ್ಲದಲ್ಲಿ ಸೊರಗುತ್ತದೆ. ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಎಂಬುದರ ಅಳತೆಯಾದ ಐಎಸ್‌ಒವನ್ನು ಕ್ಯಾಮೆರಾದ ಇಷ್ಟಕ್ಕೆ ಬಿಡದೆ 100 ಅಥವಾ 200ಕ್ಕೆ, ಅನಿವಾರ್ಯವಾದರೆ 400ಕ್ಕೆ ನಿಲ್ಲಿಸಿಕೊಂಡು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಎರಡು ಕೈಯಲ್ಲಿ ಹಿಡಿದು, ಉಸಿರನ್ನು ಅರ್ಧ ಬಿಟ್ಟು ಒತ್ತುವುದು ನನ್ನ ಪದ್ಧತಿ. ಕೈ ನಿಲ್ಲದಷ್ಟು ಕತ್ತಲಾದರೆ ಕ್ಯಾಮೆರಾವನ್ನು ಗೋಡೆಯ ಮೇಲೋ ಮೇಜಿನ ಮೇಲೋ ಇಟ್ಟು ಎರಡು ಸೆಕೆಂಡಿನ ಟೈಮರ್ ಹಾಕಿದರೆ ಬೆರಳಿನ ಕಂಪನವೂ ತಪ್ಪುತ್ತದೆ. ಜೂಮ್ ಮಾಡಿದಷ್ಟೂ ನಡುಕ ಹಿಗ್ಗುತ್ತದೆ. ಆ ದೊಡ್ಡ ಸೆನ್ಸರಿನ ಕ್ಯಾಮೆರಾದ 100 ಮಿಲಿಮೀಟರ್ ಲೆನ್ಸಿಗೆ ಸಮನಾದ ಜೂಮಿನಲ್ಲಿ ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ನಿಧಾನವಾದ ಶಟರ್ ವೇಗ, ಕಂಪನ ತಡೆಯುವ ವ್ಯವಸ್ಥೆ ಇಲ್ಲದ ಕ್ಯಾಮೆರಾದಲ್ಲಿ, ನಂಬುವಂಥದ್ದಲ್ಲ. ಡಿಜಿಟಲ್ ಜೂಮನ್ನು ಮೆನುವಿನಲ್ಲಿ ಆಫ್ ಮಾಡಿಬಿಡಿ, ಅದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವ ಕೆಲಸವಷ್ಟೇ.

ಬೆಳಕಿನ ಅಳತೆಯ ಬಗ್ಗೆ ಒಂದು ಮಾತು. ಕ್ಯಾಮೆರಾದ ಅಳತೆಗೋಲು ತನ್ನ ಮುಂದಿರುವುದು ನಡು ಬೂದುಬಣ್ಣದ್ದೆಂದೇ ತಿಳಿಯುತ್ತದೆ. ಬಿಳಿ ಗೋಡೆಯ ಮುಂದೆ ಬಿಳಿ ಬಟ್ಟೆ ತೊಟ್ಟವರ ಚಿತ್ರ ಮಂಕಾಗುವುದೂ, ಕಪ್ಪು ಬೆಕ್ಕು ಬೂದು ಬೆಕ್ಕಾಗುವುದೂ ಇದರಿಂದಲೇ. ಕೂಡಿಸು ಮತ್ತು ಕಳೆ ಚಿಹ್ನೆಗಳಿರುವ ಗುಂಡಿಯೊಂದು ಬಹುತೇಕ ಎಲ್ಲ ಕ್ಯಾಮೆರಾಗಳಲ್ಲೂ ಇದೆ; ಬಿಳಿಗೆ ಕೂಡಿಸಬೇಕು, ಕಪ್ಪಿಗೆ ಕಳೆಯಬೇಕು. ಈ ಗುಂಡಿಯನ್ನು ಒಮ್ಮೆಯೂ ಮುಟ್ಟದೆ ಕ್ಯಾಮೆರಾ ಚೆನ್ನಾಗಿಲ್ಲ ಎಂದು ಪಕ್ಕಕ್ಕಿಟ್ಟವರನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಫ್ಲ್ಯಾಶಿನ ಬೆಳಕು ಮೂರು ನಾಲ್ಕು ಮೀಟರಿನಾಚೆ ತಲುಪುವುದಿಲ್ಲ. ದೊಡ್ಡ ಸಭಾಂಗಣದ ಕೊನೆಯ ಸಾಲಿನಿಂದ ವೇದಿಕೆಗೆ ಫ್ಲ್ಯಾಶ್ ಹೊಡೆದರೆ ಬೆಳಗುವುದು ಮುಂದಿನ ಸಾಲಿನವರ ತಲೆಗಳು ಮಾತ್ರ. ಫ್ಲ್ಯಾಶ್ ಹಾಕಿ ತೆಗೆದ ಚಿತ್ರಗಳಲ್ಲಿ ತೇಲುವ ಬಿಳಿಯ ವೃತ್ತಗಳನ್ನು ಕಂಡು ಗಾಬರಿಯಾದವರೂ ಇದ್ದಾರೆ. ಪುಟ್ಟ ಕ್ಯಾಮೆರಾದಲ್ಲಿ ಫ್ಲ್ಯಾಶ್ ಲೆನ್ಸಿಗೆ ತೀರ ಹತ್ತಿರವಿರುವುದರಿಂದ ಗಾಳಿಯಲ್ಲಿರುವ ದೂಳು, ಮಳೆಹನಿ ಬೆಳಗಿ ಹಾಗೆ ಕಾಣುತ್ತವೆ. ಕ್ಯಾಮೆರಾ ಕೆಟ್ಟಿಲ್ಲ, ಬೇರೇನೂ ಇಲ್ಲ.

ಮೆಮೊರಿ ಕಾರ್ಡಿನ ವಿಷಯದಲ್ಲಿ ಹಳೆಯ ಕ್ಯಾಮೆರಾದವರಿಗೆ ಮುಖ್ಯವಾಗಿ ತಿಳಿದಿರಬೇಕಾದದ್ದು ಕಾರ್ಡುಗಳ ಪೀಳಿಗೆ. ಎಸ್‌ಡಿ ಕಾರ್ಡ್ 1999ರಲ್ಲಿ ಬಂದದ್ದು, 2 ಗಿಗಾಬೈಟ್‌ವರೆಗೆ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32 ಗಿಗಾಬೈಟ್‌ವರೆಗೆ. ಅದಕ್ಕಿಂತ ದೊಡ್ಡವು 2009ರ ಎಸ್‌ಡಿಎಕ್ಸ್‌ಸಿ. ಮೂರರ ಹೊರಆಕಾರ ಒಂದೇ ಆದ್ದರಿಂದ 64 ಗಿಗಾಬೈಟಿನ ಹೊಸ ಕಾರ್ಡ್ ಹಳೆಯ ಕ್ಯಾಮೆರಾದ ಬಾಯಿಗೆ ಸಲೀಸಾಗಿ ಕೂರುತ್ತದೆ, ಆದರೆ ಕ್ಯಾಮೆರಾ ಅದನ್ನು ಓದಲಾರದೆ ದೋಷವೆನ್ನುತ್ತದೆ. ಕ್ಯಾಮೆರಾ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಚಿಕ್ಕ ಕಾರ್ಡೊಂದನ್ನು ಹಾಕಿ ನೋಡಿ. ಕಾರ್ಡನ್ನು ಫಾರ್ಮ್ಯಾಟ್ ಮಾಡುವುದು ಕ್ಯಾಮೆರಾದಲ್ಲೇ ಆಗಬೇಕು, ಅದೂ ಚಿತ್ರಗಳ ಪ್ರತಿ ಬೇರೆಡೆ ಸೇರಿದ್ದು ಖಚಿತವಾದ ಮೇಲೆ. ತಪ್ಪಿ ಅಳಿಸಿಹೋದರೆ ಆ ಕಾರ್ಡಿನಲ್ಲಿ ಮುಂದೆ ಒಂದು ಚಿತ್ರವನ್ನೂ ತೆಗೆಯಬೇಡಿ. ಫಾರ್ಮ್ಯಾಟ್ ಮಾಡಿದಾಗ ಸಾಮಾನ್ಯವಾಗಿ ಅಳಿಯುವುದು ಚಿತ್ರಗಳ ವಿಳಾಸಪಟ್ಟಿ ಮಾತ್ರ, ಚಿತ್ರಗಳು ಅಲ್ಲೇ ಇರುತ್ತವೆ, ಮರುಪಡೆಯುವ ತಂತ್ರಾಂಶದಿಂದ ಎಷ್ಟೋ ಸಲ ಮರಳಿ ಸಿಗುತ್ತವೆ. ಕಾರ್ಡಿಗೆ ಚಿತ್ರ ಬರೆಯುತ್ತಿರುವುದನ್ನು ಸೂಚಿಸುವ ದೀಪ ಮಿನುಗುತ್ತಿರುವಾಗ ಬಾಗಿಲು ತೆರೆಯಬಾರದು. 1975ರಲ್ಲಿ ಸ್ಟೀವನ್ ಸ್ಯಾಸನ್ ಕೊಡಕ್ ಸಂಸ್ಥೆಯಲ್ಲಿ ರೂಪಿಸಿದ ಮೊದಲ ಡಿಜಿಟಲ್ ಕ್ಯಾಮೆರಾ ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಇಂದಿನ ಕಾರ್ಡಿಗೆ ಅಷ್ಟು ಹೊತ್ತು ಬೇಡ, ಆದರೂ ಬರೆಯುವುದಕ್ಕೆ ಒಂದಿಷ್ಟು ಹೊತ್ತು ಬೇಕು. ಆ ನಡುವೆ ಕಾರ್ಡ್ ಕಿತ್ತರೆ ಆ ಒಂದು ಚಿತ್ರವಷ್ಟೇ ಅಲ್ಲ, ಉಳಿದವೂ ಹೋಗಬಹುದು. ಕಾರ್ಡನ್ನೇ ಶಾಶ್ವತ ಸಂಗ್ರಹವೆಂದು ನಂಬಿ ವರ್ಷಗಟ್ಟಲೆ ಬಿಡುವುದಂತೂ ಬೇಡವೇ ಬೇಡ. ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಪ್ರತಿ ಇರಲಿ, ಅವುಗಳಲ್ಲಿ ಒಂದು ಬೇರೆ ಮನೆಯಲ್ಲಿರಲಿ.

ತುಂಬ ಕಾಲ ಬ್ಯಾಟರಿ ಇಲ್ಲದೆ ಬಿದ್ದಿದ್ದ ಕ್ಯಾಮೆರಾದ ಗಡಿಯಾರ ತನ್ನ ತಯಾರಿಕೆಯ ಕಾಲದ ಯಾವುದೋ ಜನವರಿ 1ಕ್ಕೆ ಹಿಂದಿರುಗಿರುತ್ತದೆ. ಫೋನಿಗೆ ದಿನಾಂಕವನ್ನು ಯಾರೂ ಹೇಳಬೇಕಿಲ್ಲ, ಕ್ಯಾಮೆರಾಕ್ಕೆ ಹೇಳಬೇಕು. ಪ್ರತಿ ಚಿತ್ರದೊಳಗೂ ಆ ದಿನಾಂಕವೇ ದಾಖಲಾಗುವುದರಿಂದ, ಮುಂದೊಂದು ದಿನ ಅಜ್ಜಿಯ ಕೊನೆಯ ಚಿತ್ರ ತೆಗೆದದ್ದು ಯಾವ ವರ್ಷ ಎಂದು ಹುಡುಕುವವರಿಗೆ ಸುಳ್ಳು ಉತ್ತರ ಸಿಗುತ್ತದೆ. ಅಣ್ಣನ ಮಗಳಿಗೆ ಕ್ಯಾಮೆರಾ ಕೊಡುವ ಮೊದಲು ನಾನು ಇದನ್ನೊಂದು ಸರಿಪಡಿಸಲು ಮರೆತಿದ್ದೆ. ಅವಳು ಮೊದಲ ವಾರ ತೆಗೆದ ಚಿತ್ರಗಳೆಲ್ಲ ಅವಳು ಹುಟ್ಟಿದ ಆಸುಪಾಸಿನ ವರ್ಷವನ್ನು ಹೊತ್ತುಕೊಂಡು ಕೂತಿವೆ. ಒಂದೊಂದನ್ನಾಗಿ ಇಬ್ಬರೂ ಕೂತು ತಿದ್ದುತ್ತಿದ್ದೇವೆ.

ನಿಮ್ಮಲ್ಲಿ ನನ್ನ ಕೋರಿಕೆ ಎರಡು. ಮುಂದೆ ಇಂಥ ಲೇಖನಗಳನ್ನು ಪ್ರಕಟಿಸುವಾಗ, ಆ ವಸ್ತುವನ್ನು ರಿಪೇರಿ ಮಾಡುವವರಲ್ಲಿ ಒಬ್ಬರನ್ನಾದರೂ ಮಾತನಾಡಿಸಿ ಅವರ ಅನುಭವವನ್ನು ಜೊತೆಗೆ ಕೊಡಿ. ವಸ್ತುಗಳು ಯಾವುದರಿಂದ ಕೆಡುತ್ತವೆ ಎಂಬುದು ಅವುಗಳನ್ನು ಮಾರುವವರಿಗಿಂತ ಬಿಚ್ಚುವವರಿಗೆ ಚೆನ್ನಾಗಿ ಗೊತ್ತು. ಎರಡನೆಯದಾಗಿ, ಆ ಅಕ್ಕಿಯ ಸಲಹೆಯನ್ನು ತಿದ್ದಿ ಒಂದು ಸಾಲನ್ನಾದರೂ ದಯವಿಟ್ಟು ಬೇಗ ಪ್ರಕಟಿಸಿ. ನಿಮ್ಮ ಲೇಖನ ಓದಿ ಕ್ಯಾಮೆರಾ ಹೊರತೆಗೆದವರಲ್ಲಿ ಯಾರಾದರೂ ಮೊದಲ ಮಳೆಯಲ್ಲಿ ಅದನ್ನು ನೆನೆಸಿಕೊಂಡರೆ, ಅವರ ಕೈ ಮೊದಲು ಹೋಗಬೇಕಾದದ್ದು ಅಕ್ಕಿಯ ಡಬ್ಬಿಗಲ್ಲ, ಬ್ಯಾಟರಿಯ ಬಾಗಿಲಿಗೆ.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ